ಕಾವಲು ವಿಮಾನದ ಮೂತಿಗೆ ತುಂಬಿದ ಸೀಸ

ಗಂಡನ ಮುಖಕ್ಕೆ ಬಾಂಬರ್ ವಿಮಾನ ಎಸೆದ ಹೆಂಗಸು ಇಡೀ ಅಬುಧಾಬಿಯಲ್ಲಿ ನಾನೊಬ್ಬಳೇ ಇರಬೇಕು.

ಇವರಿಗೆ ಪ್ಲಾಸ್ಟಿಕ್ ಮಾದರಿ ವಿಮಾನ ಜೋಡಿಸುವ ಹುಚ್ಚು. ಹಮ್ದಾನ್ ಸ್ಟ್ರೀಟಿನ ನಮ್ಮ ಪುಟ್ಟ ಫ್ಲ್ಯಾಟಿನ ಊಟದ ಮೇಜಿನ ಮೇಲೆ ನಾಲ್ಕು ತಿಂಗಳ ರಜೆಯ ಶುಕ್ರವಾರಗಳನ್ನು ನುಂಗಿದ್ದು ಮಹಾಯುದ್ಧದ ಕಾಲದ ಒಂದು ಬಾಂಬರ್. ಜೊತೆಯ ಬಾಂಬರ್‌ಗಳನ್ನು ಕಾಯಲೆಂದು ಅದರ ಬಾಂಬು ತೆಗೆದು ಮೈತುಂಬ ಮಷಿನ್‌ಗನ್ ಕೂರಿಸಿದ್ದರಂತೆ. ಮಾದರಿಗೂ ಇವರು ಅಷ್ಟೇ ಗನ್ನುಗಳನ್ನು ಅಂಟಿಸಿದರು. ಚಾವಣಿಗೆ ತೂಗುಹಾಕಿದರೆ ಬಾಲ ಜೋತುಬಿತ್ತು. ತೂಕ ಸಮ ಮಾಡಲೆಂದು ಕೆಳಗಿಳಿಸಿ, ಅಲ್ ಮೀನಾದ ಮೀನು ಮಾರ್ಕೆಟ್ ಹತ್ತಿರದಿಂದ ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದು ಮೂತಿಯೊಳಗೆ ತುಂಬಿದರು.

ಒಂದು ಗುರುವಾರ ನನ್ನ ಕೆಲಸ ಹೋಯಿತು. ಮರುದಿನ ಊಟದ ಹೊತ್ತಿಗೆ ಹೇಳಿದೆ.

"ಒಂದು ನಿಮಿಷ ಮಾರಾಯ್ತಿ, ಅಂಟು ಒಣಗ್ತಾ ಉಂಟು."

ಇನ್ನೊಮ್ಮೆ ಹೇಳಿದೆ. ತಲೆಯೆತ್ತದೆ ಯುದ್ಧದ ಕಥೆ ಶುರುಮಾಡಿದರು. ಬಾಂಬು ಹಾಕಿ ಹಗುರಾದ ವಿಮಾನಗಳು ವಾಪಸ್ ಓಡುತ್ತಿದ್ದವಂತೆ, ಗನ್ನುಗಳ ಭಾರ ಹೊತ್ತ ಇದು ಹಿಂದೆ ಉಳಿಯುತ್ತಿತ್ತಂತೆ, ಪಾಪ. ಎಂದೋ ಹಾರಿದ ವಿಮಾನದ ಮೇಲೆ ಇಷ್ಟು ಕನಿಕರ! ಸಿಟ್ಟು ನೆತ್ತಿಗೇರಿತು. ಇವರ ಕೈಯಲ್ಲಿದ್ದ ವಿಮಾನವನ್ನು ಕಿತ್ತುಕೊಂಡು ಬೀಸಿ ಎಸೆದೆ.

ಸೀಸದ ಮೂತಿ ನೆಟ್ಟಗೆ ಎಡಗಣ್ಣಿನ ಮೇಲೆಯೇ ಬಡಿಯಿತು. ಹುಬ್ಬು ಸೀಳಿ ರಕ್ತ ಅನ್ನದ ತಟ್ಟೆಗೆ ಸುರಿಯಿತು. ಅಷ್ಟಕ್ಕೂ ಸುಮ್ಮನಾಗದೆ ಕೆಳಗೆ ಬಿದ್ದ ರೆಕ್ಕೆಗಳನ್ನು ಚಪ್ಪಲಿಗಾಲಲ್ಲಿ ತುಳಿದು ಪುಡಿ ಮಾಡಿದೆ. ಸುಳ್ಳು ಯಾಕೆ, ಆ ಸದ್ದು ಕೇಳಿ ಹಿತವೆನಿಸಿತು. ಆಮೇಲೆ ಇವರು ಕಣ್ಣು ತೆರೆಯಲಾಗದೆ ಗೋಡೆ ತಡವುವುದು ಕಂಡಿತು.

ಆಸ್ಪತ್ರೆಯ ನರ್ಸ್ ನಮ್ಮ ಕರಾವಳಿಯವರೇ. "ಹೊಡೆದದ್ದು ಯಾರು? ಸರಿ ಹೇಳಿ, ಪೊಲೀಸರಿಗೆ ತಿಳಿಸ್ಬೇಕಾಗ್ತದೆ" ಎಂದರು. ಇವರು ನಿಜ ಹೇಳಿದರೆ ನನಗೆ ಜೈಲು, ಅಲ್ಲಿಂದ ವೀಸಾ ರದ್ದಾಗಿ ಸೀದಾ ಊರು. ಉತ್ತರ ಕೊಟ್ಟದ್ದು ಇವರೇ.

"ಮೇಲೆ ತೂಗುಹಾಕಿದ ವಿಮಾನ ಬಿತ್ತು ಸಿಸ್ಟರ್. ಕಟ್ಟಿದ್ದು ನಾನೇ, ಸರಿ ಕಟ್ಟಿರ್ಲಿಲ್ಲ."

ಸಿಸ್ಟರ್ ನನ್ನ ಬಲಗೈ ಹಿಡಿದು ತಿರುಗಿಸಿದರು. ಅಂಗೈಯಲ್ಲಿ ಸೂಜಿಯಷ್ಟು ಸಣ್ಣದೊಂದು ಗನ್ನಿನ ನಳಿಗೆ ಮುರಿದು ಕೂತಿತ್ತು. ಏನೂ ಕೇಳದೆ ಅದನ್ನು ಚಿಮಟದಲ್ಲಿ ಕಿತ್ತು, ಔಷಧಿ ಹಚ್ಚಿ, ಇವರ ಹೇಳಿಕೆಯನ್ನೇ ಬರೆದುಕೊಂಡರು. ನಾಚಿಕೆಯಿಂದ ಸತ್ತುಹೋದೆ.

ಏಳು ಹೊಲಿಗೆ ಬಿತ್ತು, ಕಣ್ಣು ಉಳಿಯಿತು. ಟ್ಯಾಕ್ಸಿಯಲ್ಲಿ ಬ್ಯಾಂಡೇಜ್ ಮುಟ್ಟಿಕೊಳ್ಳುತ್ತಾ ಇವರು ನನ್ನ ಕಡೆ ತಿರುಗಿದರು.

"ಊಟದ ಹೊತ್ತಿಗೆ ನೀನು ಎಂತದೋ ಹೇಳ್ತಾ ಇದ್ದೆಯಲ್ಲ, ಎಂತ ಅದು?"

ಮೂರನೇ ಸಲ ಹೇಳಲು ಬಾಯಿ ತೆರೆದೆ. ಅಳುವೇ ಬಂತು.