ಮರದ ತುದಿ ಮುಟ್ಟಿದವನು

ತಟ್ಟಣ್ಣ ಹೋದ ಬುಧವಾರ ಸಂಜೆ ತೀರಿಕೊಂಡ. ಹೃದಯಾಘಾತ ಎಂದರು ಡಾಕ್ಟರು. ಅವನಿಗೆ ಐವತ್ತೆಂಟು ವರ್ಷವಾಗಿತ್ತು.

ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಅವನದು ತಟ್ಟುವ ಕೆಲಸ. ಭಟ್ಟಿಯಿಂದ ಇಳಿದ ಜಾಡಿಗಳು ಆರಿದ ಮೇಲೆ ಒಂದೊಂದಾಗಿ ಅವನ ಮುಂದೆ ಬರುತ್ತಿದ್ದವು. ಎಡಗೈ ಮೇಲೆ ಬೋರಲು ಹಾಕಿಕೊಂಡು ಬಲಗೈಯ ಮರದ ಕಡ್ಡಿಯಿಂದ ಒಮ್ಮೆ ತಟ್ಟುವನು. ಠಣ್ ಎಂದರೆ ಬಲಕ್ಕೆ, ಅಂದರೆ ನನ್ನ ಕಡೆಗೆ. ನಾನು ಹುಲ್ಲು ಸುತ್ತಿ ಪೆಟ್ಟಿಗೆಗೆ ಇಳಿಸುವವನು. ಸದ್ದು ಮಂಕಾದರೆ ಎಡಕ್ಕೆ, ಒಡೆಯುವ ರಾಶಿಗೆ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಗುತ್ತಿತ್ತು. ಕಾಣುವ ಬಿರುಕೂ ಕಿವಿಯಿಂದಲೇ ಸಿಗಬೇಕಿತ್ತು, ಏಕೆಂದರೆ ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಅವನ ಎರಡೂ ಕಣ್ಣು ಹೋಗಿದ್ದವು.

ಇಪ್ಪತ್ತಾರು ವರ್ಷ ನಾನು ಅವನ ಪಕ್ಕದಲ್ಲಿ ಕೂತೆ. ಊಟದ ಬಿಡುವಿನಲ್ಲಿ ಅವನಿಗೆ ಪುಸ್ತಕ ಓದಿ ಹೇಳುತ್ತಿದ್ದೆ. ವರ್ಣನೆ ಉದ್ದವಾದರೆ, "ಆ ಬೆಟ್ಟ ಹತ್ತಿ ಆಯ್ತಾ? ಮುಂದೆ ಯಾರಾದ್ರೂ ಮಾತಾಡ್ತಾರಾ?" ಎಂದು ಕೇಳುವನು.

ಮನೆಯಲ್ಲಿ ಅವನು ಮತ್ತು ಅವನ ಅಕ್ಕ ಇಬ್ಬರೇ. ಬೀದಿಯ ಎಡಗಡೆ ಸಾಲಾಗಿ ಇಪ್ಪತ್ತೆರಡು ಮನೆ. ಎಲ್ಲಕ್ಕೂ ಒಂದೇ ಎತ್ತರದ ಕಾಂಪೌಂಡು, ಒಂದೇ ನಮೂನೆಯ ಗೇಟು. ಹದಿನಾಲ್ಕನೆಯದು ಇವರದು. ಅದರ ಮುಂದೆ ಮಾತ್ರ ಇವರ ಅಜ್ಜ ನೆಟ್ಟ ಎರಡು ಮಳೆಮರಗಳಿದ್ದವು. ಮೂವರು ಕೈ ಹಿಡಿದುಕೊಂಡರೂ ಅಪ್ಪಲಾರದಷ್ಟು ದಪ್ಪ. ಕೊಂಬೆಗಳು ರಸ್ತೆ ದಾಟಿ ಎದುರು ಮನೆಯ ತಾರಸಿಯವರೆಗೆ ಚಾಚಿದ್ದವು. ಮಧ್ಯಾಹ್ನ ಟೈಲರ್ ಅಂಗಡಿಯ ಹೆಂಗಸರು ಅವುಗಳ ಕೆಳಗೇ ಬುತ್ತಿ ಬಿಚ್ಚುತ್ತಿದ್ದರು.

ತಟ್ಟಣ್ಣನಿಗೆ ಮನೆ ಗೊತ್ತಾಗುತ್ತಿದ್ದುದು ಆ ಮರಗಳ ಸದ್ದಿನಿಂದ. ಮಳೆಮರದ ಎಲೆ ಸಂಜೆಯಾಗುತ್ತಲೇ ಮಡಚಿಕೊಳ್ಳುತ್ತದೆ. ಮಡಚಿದ ಎಲೆಯ ಸದ್ದೇ ಬೇರೆ ಎಂದು ನನಗೆ ಹೇಳಿಕೊಟ್ಟವನು ಅವನು. ಹಗಲು ಅಕ್ಕಿ ಕೇರಿದ ಹಾಗೆ, ಸಂಜೆ ಹಿಟ್ಟು ಜರಡಿ ಹಿಡಿದ ಹಾಗೆ. ಹತ್ತೊಂಬತ್ತನೇ ವಯಸ್ಸಿನಿಂದ ಅವನು ಒಬ್ಬನೇ ಕೆಲಸಕ್ಕೆ ಹೋಗಿ ಒಬ್ಬನೇ ಬರುತ್ತಿದ್ದ. ಯಾರ ಕೈಯನ್ನೂ ಹಿಡಿದವನಲ್ಲ, ಇದು ಯಾರ ಮನೆ ಎಂದು ಯಾರನ್ನೂ ಕೇಳಿದವನಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಚಪ್ಪಲಿಗೆ ಮೆತ್ತಿದ ಮಣ್ಣು ಕೊಡವಲು ಅದನ್ನು ಮರಕ್ಕೆ ಬಡಿದ. ಬಡಿದವನು ಹಾಗೇ ನಿಂತುಬಿಟ್ಟನಂತೆ. ಒಂದು ವಾರ ಯಾರಿಗೂ ಹೇಳಲಿಲ್ಲ. ಆಮೇಲೆ ಜಾಡಿ ತಟ್ಟುತ್ತಲೇ ನನಗೆ ಹೇಳಿದ: "ನಮ್ಮನೆ ಮರ ಎರಡೂ ಎಡಗಡೆ ರಾಶಿಗೆ ಹೋಗೋವು ಕಣೋ."

ನಗರಸಭೆಯಿಂದ ಮರಗಳ ಅಧಿಕಾರಿಯನ್ನು ಕರೆಸಿದ್ದೂ ಅವನೇ. ಅಧಿಕಾರಿ ತಲೆಯೆತ್ತಿ ನೋಡಿ ನಕ್ಕರು.

"ಇಷ್ಟು ಹಸಿರಾಗಿದೆಯಲ್ರೀ. ಹುಳ ಇಲ್ಲ, ಒಣ ಕೊಂಬೆ ಇಲ್ಲ. ಇಂಥ ಮರ ಕಡಿಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬರತ್ತೆ? ಈ ಹಸಿರು ಕಣ್ಣಿಗೆ ಬೀಳಲ್ವಾ?"

"ನನ್ನ ಕಣ್ಣಿಗೆ ಬೀಳಲ್ಲ ಸಾರ್. ತಲೆ ಮೇಲೆ ಬೀಳತ್ತೆ. ನನ್ನ ತಲೆ ಬಿಡಿ, ಆ ಬುತ್ತಿಯವರ ತಲೆ."

ಅವನು ಸೀಮೆಸುಣ್ಣ ಹಿಡಿದು, ಸುತ್ತಿಗೆಯಿಂದ ತಟ್ಟುತ್ತ ಕಾಂಡದ ಸುತ್ತ ಗೆರೆ ಎಳೆದ. "ಇಲ್ಲಿಂದ ಇಲ್ಲೀವರೆಗೆ ಖಾಲಿ. ತೂತು ಕೊರೆದು ನೋಡಿ." ಅಧಿಕಾರಿ ಬೈರಿಗೆ ತರಿಸಿದರು. ನಾಲ್ಕು ಬೆರಳಿನಷ್ಟು ಗಟ್ಟಿ ಮರ, ಆಮೇಲೆ ಬೈರಿಗೆ ಸರಕ್ಕನೆ ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಕಾಫಿಪುಡಿಯಂಥ ಧೂಳು ಸುರಿಯಿತು. ಗೆರೆಯ ಆಚೆ ಕೊರೆದರೆ ಗಟ್ಟಿ. ಎರಡನೇ ಮರವೂ ಅಷ್ಟೆ. ಅಧಿಕಾರಿ ಟೋಪಿ ತೆಗೆದು ಅವನ ಮುಖವನ್ನೇ ನೋಡುತ್ತ ನಿಂತರು. ನಾನೂ ನೋಡುತ್ತಿದ್ದೆ. ತನಗೆ ಮನೆಯ ದಾರಿ ತೋರುತ್ತಿದ್ದ ಮರಕ್ಕೆ ತಾನೇ ಗೆರೆ ಎಳೆದವನ ಮುಖದಲ್ಲಿ ಜಾಡಿ ತಟ್ಟುವಾಗ ಇರುತ್ತಿದ್ದ ಗಮನ ಬಿಟ್ಟರೆ ಬೇರೇನೂ ಇರಲಿಲ್ಲ.

ಅಕ್ಕ ಮಾತ್ರ ಕಣ್ಣೊರೆಸಿಕೊಂಡು, "ಮರ ಹೋದ್ಮೇಲೆ ನೀನು ಮನೆಗೆ ಹೇಗೋ ಬರ್ತೀಯ?" ಎಂದಳು. ಗೇಟಿಗೆ ಒಂದು ಗಂಟೆ ಕಟ್ಟೋಣ ಎಂದೆ ನಾನು.

"ನನ್ನ ಮನೆ ಏನು ಹಸುವಾ, ಕೊರಳಿಗೆ ಗಂಟೆ ಕಟ್ಟೋಕೆ?"

"ಹಾಗಾದ್ರೆ ಹೆಜ್ಜೆ ಎಣಿಸು."

"ಎಣಿಸ್ತಾ ಇರ್ತೀನಿ, ಯಾರಾದ್ರೂ ಬಂದು 'ಚೆನ್ನಾಗಿದ್ದೀರಾ' ಅಂತಾರೆ. ಚೆನ್ನಾಗಿದ್ದೀನಿ ಅನ್ನೋಷ್ಟರಲ್ಲಿ ಲೆಕ್ಕ ಹೋಯ್ತು."

ಭಾನುವಾರ ಮರ ಕಡಿಯುವ ಮೇಸ್ತ್ರಿ ನಾಲ್ಕು ಆಳುಗಳೊಂದಿಗೆ ಬಂದ. ಹಗ್ಗ ಬಿಗಿದು, ತುದಿಯಿಂದ ತುಂಡು ತುಂಡಾಗಿ ಇಳಿಸುವುದು ಅವರ ಪದ್ಧತಿ. ತಟ್ಟಣ್ಣ ಅವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿಕೊಂಡ: ಒಂದು ಮರದ ತುಂಡುಗಳನ್ನಾದರೂ ಬುಡದಿಂದ ತುದಿಯವರೆಗೆ ರಸ್ತೆಯ ಮೇಲೆ ಸಾಲಾಗಿ ಜೋಡಿಸಿಕೊಡಬೇಕು.

"ನಾನು ಸೌದೆ ಮಾಡೋಕೆ ಬಂದೋನು ಸ್ವಾಮಿ, ರೈಲು ಡಬ್ಬಿ ಜೋಡ್ಸೋಕಲ್ಲ!" ಎಂದು ಮೇಸ್ತ್ರಿ ರೇಗಿದ. "ಯಾಕೆ ಬೇಕು ನಿಮ್ಗೆ?"

"ಐವತ್ತು ವರ್ಷ ಆಯ್ತು. ನನ್ನ ಕೈ ಎಟುಕೋವರೆಗೆ ಮಾತ್ರ ಈ ಮರ ಗೊತ್ತು ನಂಗೆ. ಮೇಲೆ ಏನಿದೆ ಅಂತ ಗೊತ್ತಿಲ್ಲ."

ಇಳಿದ ಒಂದೊಂದು ತುಂಡಿಗೂ ಮೇಸ್ತ್ರಿ ತಾನೇ ಸೀಮೆಸುಣ್ಣದಿಂದ ಗುರುತು ಹಾಕಿದ. ಸಂಜೆ ಐದಕ್ಕೆ, ಹಾರೆ ಹಾಕಿ ಉರುಳಿಸಿ, ಬುಡದಿಂದ ಅತಿ ಎತ್ತರದ ಕೊಂಬೆಯ ತುದಿಯವರೆಗೆ ಜೋಡಿಸಿ ಮರವನ್ನು ಬೀದಿಯ ಉದ್ದಕ್ಕೂ ಮಲಗಿಸಿದರು. ಇಪ್ಪತ್ತೆರಡು ಮನೆಯವರೂ ಹೊರಗೆ ಬಂದು ನಿಂತಿದ್ದರು. ಬುಡದ ತುಂಡಿನ ಪೊಳ್ಳಿನೊಳಗೆ ಅಕ್ಕ ಕುರ್ಚಿ ಹಾಕಿ ಕೂರಬಹುದಿತ್ತು, ಅಷ್ಟು ಖಾಲಿ.

ತಟ್ಟಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು, ಅಂಗೈಯನ್ನು ಬುಡದ ಮೇಲಿಟ್ಟು ನಡೆಯತೊಡಗಿದ. ಮೊದಲ ನಾಲ್ಕು ಹೆಜ್ಜೆ ಬೇಗ ನಡೆದ, ಅದು ಅವನಿಗೆ ಗೊತ್ತಿದ್ದ ಮರ. ಐದನೆಯ ಹೆಜ್ಜೆಗೆ ನಿಧಾನವಾದ. "ಇಲ್ಲಿ ಎರಡಾಗತ್ತೆ!" ಎಂದ, ಯಾರಿಗೂ ಗೊತ್ತಿಲ್ಲದ ಸುದ್ದಿ ಹೇಳುವವನ ಹಾಗೆ. ಮುಂದೆ ತೊಗಟೆ ನುಣುಪಾಯಿತು, ಕೊಂಬೆ ಸಪೂರವಾಯಿತು, ಅವನು ಬಾಗಿದ, ಇನ್ನೂ ಬಾಗಿದ. ಮೂವತ್ತೇಳು ಹೆಜ್ಜೆ. ನಾನು ಎಣಿಸಿದೆ, ನಡುವೆ ಯಾರೂ ಮಾತಾಡಿಸಲಿಲ್ಲ. ಕೊನೆಗೆ ರಸ್ತೆಯ ಮೇಲೆ ಮಂಡಿಯೂರಿ, ಕಿರುಬೆರಳಿಗಿಂತ ತೆಳ್ಳಗಿದ್ದ ಚಿಗುರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಷ್ಟೊಂದಾ?" ಎಂದ. ಚಿಗುರನ್ನು ಬೆರಳಿನಿಂದ ಸವರುತ್ತ, "ಅಜ್ಜನ ಮರ ಅಂತಿದ್ವಿ. ಇದರ ತುದಿ ಈ ವರ್ಷ ಹುಟ್ಟಿದ್ದು ಕಣೋ" ಎಂದ.

ಮೇಸ್ತ್ರಿ ಬೀಡಿಯನ್ನು ನೆಲಕ್ಕೆ ಹಾಕಿ ತುಳಿದು, ಕೈಕಟ್ಟಿ ನಿಂತಿದ್ದ.

ಮರುದಿನದಿಂದ ಕಷ್ಟ ಶುರುವಾಯಿತು. ಮೊದಲ ವಾರ ಎರಡು ಸಲ ಬೀದಿಯ ಕೊನೆಯವರೆಗೂ ನಡೆದುಹೋದ. ಮೂರನೇ ಸಲ ಹದಿನೇಳನೇ ಮನೆಯ ವರಾಂಡದಲ್ಲಿ ಕೂತು, "ಅಕ್ಕಾ, ಟೀ" ಎಂದ. ಆ ಮನೆಯ ಟೀಚರಮ್ಮ ಸುಮ್ಮನೆ ಟೀ ಮಾಡಿ ತಂದುಕೊಟ್ಟರಂತೆ. ಒಂದು ಗುಟುಕು ಕುಡಿದು, "ಇಷ್ಟು ಚೆನ್ನಾಗಿದೆ ಅಂದ್ಮೇಲೆ ಇದು ನಮ್ಮನೆ ಅಲ್ಲ" ಎಂದು ಎದ್ದ. ಬೀದಿಯೆಲ್ಲ ನಕ್ಕಿತು, ಅಕ್ಕ ನಗಲಿಲ್ಲ.

"ನಾಳೆಯಿಂದ ಕೆಲಸ ಬಿಡು. ಯಾವ ಲಾರಿ ಕೆಳಗೆ ಹೋಗ್ತೀಯೋ ಅಂತ ಕಾಯ್ತಾ ಕೂರೋಕಾಗಲ್ಲ ನಂಗೆ."

"ಸ್ವಲ್ಪ ದಿನ ಕೊಡು ಅಕ್ಕಾ. ಒಬ್ನೇ ಮನೆಗೆ ಬರೋದು ಬಿಟ್ರೆ ನಾನು ಹೊರಗೆ ಹೋಗೋದೂ ಬಿಟ್ಟ ಹಾಗೆ."

ಹತ್ತೇ ದಿನದಲ್ಲಿ ಅವನಿಗೆ ದಾರಿ ಸಿಕ್ಕಿತು. ಉಳಿದ ಮನೆಗಳ ಮುಂದೆಲ್ಲ ಏನಾದರೊಂದು ಇತ್ತು: ಸಣ್ಣ ಮರ, ಬಳ್ಳಿಯ ಚಪ್ಪರ, ತಗಡಿನ ಮಾಡು. "ಎಲ್ಲಾ ಕಡೆ ಕೋಲಿನ ಸದ್ದು ಮೇಲೆ ಹೋಗಿ ಏನಕ್ಕಾದ್ರೂ ತಾಗಿ ವಾಪಸ್ ಬರತ್ತೆ. ನಮ್ಮನೆ ಮುಂದೆ ಮಾತ್ರ ಹೋಗಿದ್ದು ಬರಲ್ಲ" ಎಂದ. ನಾನು ಅಲ್ಲಿ ಹೋಗಿ ಕಣ್ಣು ಮುಚ್ಚಿ ಕೋಲು ಕುಟ್ಟಿದೆ. ನನಗೇನೂ ಕೇಳಲಿಲ್ಲ. ಅವನು ಮಾತ್ರ ಅಲ್ಲಿಂದ ತಪ್ಪದೆ ಎಡಕ್ಕೆ ತಿರುಗುತ್ತಿದ್ದ.

ಅಕ್ಕ ಆಗಲೂ ಒಪ್ಪಲಿಲ್ಲ. "ಮಳೆ ಹುಯ್ಯೋ ದಿನ ಏನು ಕೇಳತ್ತೆ ನಿಂಗೆ, ನಿನ್ನ ತಲೆ! ಆ ದಿನವೂ ಸರಿಯಾಗಿ ಬಂದು ತೋರ್ಸು. ಆಮೇಲೆ ಕೆಲಸದ ಮಾತು ಎತ್ತಲ್ಲ."

ಹೋದ ಬುಧವಾರ, ಅವನು ತೀರಿಕೊಂಡ ದಿನ, ಈ ವರ್ಷದ ಮೊದಲ ದೊಡ್ಡ ಮಳೆ. ಕಾರ್ಖಾನೆಯ ಬಾಗಿಲಲ್ಲಿ ನಾನು ಜೊತೆಗೆ ಬರುತ್ತೇನೆಂದೆ. "ಬಾ, ಆದ್ರೆ ತಿರುವಿನಲ್ಲೇ ನಿಂತ್ಕೋ. ನಿನ್ನ ಕೊಡೆ ಸದ್ದು ಜಾಸ್ತಿ" ಎಂದ. ಎದೆ ಸ್ವಲ್ಪ ಹಿಡಿದ ಹಾಗಿದೆ ಎಂದೂ ಅಂದ. ಬೇಗ ನಡೆದದ್ದಕ್ಕೆ ಇರಬೇಕು ಎಂದುಕೊಂಡೆವು ಇಬ್ಬರೂ.

ನಾನು ತಿರುವಿನಲ್ಲಿ ನಿಂತೆ. ಅವನು ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲಿ ನಡೆದ. ಕೋಲಿನ ಸದ್ದು ಅವನಿಗೂ ಕೇಳುವಂತಿರಲಿಲ್ಲ. ತಗಡಿನ ಮೇಲೆ, ಚಪ್ಪರದ ಮೇಲೆ, ಎಲೆಗಳ ಮೇಲೆ ಮಳೆ ಬೇರೆ ಬೇರೆಯಾಗಿ ಹೊಡೆಯುತ್ತಿತ್ತು. ಹದಿಮೂರನೇ ಮನೆ ದಾಟಿ ನಿಂತ. ಮುಖವನ್ನು ಮೇಲಕ್ಕೆತ್ತಿದ. ಮಳೆ ಏನಕ್ಕೂ ತಾಗದೆ ನೆಟ್ಟಗೆ ಅವನ ಮುಖದ ಮೇಲೆ ಬಿತ್ತು. ಎಡಕ್ಕೆ ತಿರುಗಿದ.

ಅಕ್ಕ ಕಿಟಕಿಯಲ್ಲಿದ್ದಳು. ಕೂಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದಳಂತೆ. ಅವನು ಗೇಟು ತೆರೆದು ಅಂಗಳಕ್ಕೆ ಕಾಲಿಟ್ಟ, ತಿರುಗಿ ನಿಂತು ಚಿಲಕ ಹಾಕಿದ.