ಒಂದೇ ದಿನ ಐದು ಬೆಳಗು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದೇ ದಿನ ಐದು ಸಲ ಬೆಳಗಾಯಿತು.

ತಮಾಷೆ ಮಾಡುತ್ತಿಲ್ಲ. ಕೊಪ್ಪಳದ ಉಳಿದ ಮನೆಗಳಲ್ಲಿ ಆವತ್ತು ಎಂದಿನಂತೆ ಒಂದೇ ಸಲ ಸೂರ್ಯ ಹುಟ್ಟಿದ. ನಮ್ಮಲ್ಲಿ ಐದೂವರೆಗೆ ಒಂದು ಬೆಳಗು, ಒಂಬತ್ತಕ್ಕೆ ಇನ್ನೊಂದು, ಹನ್ನೆರಡಕ್ಕೆ ಮತ್ತೊಂದು. ನಾಲ್ಕನೆಯದು ಮಧ್ಯಾಹ್ನ ಮೂರಕ್ಕೆ. ಐದನೆಯದು ಹಾಲಿನವನು ಸಂಜೆಯ ಹಾಲು ಹಾಕಿ ಹೋದ ಮೇಲೆ.

ಪ್ರತಿ ಬೆಳಗಿಗೂ ನಮ್ಮ ದೊಡ್ಡವ್ವ ಎದ್ದು, ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತಳು.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ, ನೀಲವ್ವ. ನನಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸುತ್ತಿದ್ದ, ಗಂಡನಿಲ್ಲದ, ಮಕ್ಕಳಿಲ್ಲದ ಈ ಹೆಂಗಸು ನನ್ನನ್ನು ಕರೆದುಕೊಂಡು ಹೋಗಿ ಸಾಕಿದಳು, ಓದಿಸಿದಳು, ಟೀಚರ್ ಮಾಡಿದಳು. ಈಗ ಎಂಟು ವರ್ಷದಿಂದ ನನ್ನ ಮನೆಯಲ್ಲಿದ್ದಾಳೆ. ವಯಸ್ಸು ಎಂಬತ್ತೊಂದು. (ಅವಳನ್ನು ಕೇಳಿದರೆ ಎಪ್ಪತ್ತು. ಹತ್ತು ವರ್ಷದಿಂದ ಎಪ್ಪತ್ತೇ.)

ಲಿಂಗ ಕಟ್ಟಿದವರ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಬೆಳಿಗ್ಗೆ ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡುವ ತನಕ ದೊಡ್ಡವ್ವನಂಥವರು ಬಾಯಿಗೆ ಏನೂ ಹಾಕುವುದಿಲ್ಲ. ಚಹಾ ಇಲ್ಲ, ಬಿಪಿ ಗುಳಿಗೆ ಇಲ್ಲ, ಒಂದು ಗುಟುಕು ನೀರೂ ಇಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಈ ನೇಮ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಹೋದ ಮಳೆಗಾಲದಿಂದ ಅವಳ ನೆನಪು ಸೋರತೊಡಗಿತು. ನನ್ನ ಹೆಸರು ಮರೆತಿಲ್ಲ. ಅಂಗನವಾಡಿಯಲ್ಲಿ ಅಳುತ್ತಿದ್ದ ಮಕ್ಕಳ ಹೆಸರು ಕೂಡ ಮರೆತಿಲ್ಲ. ಹೆಚ್ಚಾಗಿ ಮರೆಯುವುದು ಒಂದನ್ನೇ. ಇವತ್ತಿನ ಪೂಜೆ ಆಯಿತೋ, ಇಲ್ಲವೋ?

“ಯವ್ವಾ, ನನ್ನ ಪೂಜಿ ಆತೇನು?” ಎಂದು ನನ್ನನ್ನು ಕೇಳುತ್ತಿದ್ದಳು.

“ಆಗೈತಿ ಬೇ.”

ಅಷ್ಟು ಸಾಕು. ಮರುಮಾತಿಲ್ಲದೆ ತಟ್ಟೆಯ ಮುಂದೆ ಕೂರುತ್ತಿದ್ದಳು. ತನ್ನ ನೆನಪಿನ ಮೇಲೆ ಇಲ್ಲದ ನಂಬಿಕೆಯನ್ನು ನನ್ನ ಮಾತಿನ ಮೇಲೆ ಇಟ್ಟಿದ್ದಳು.

ಅದನ್ನು ನಾನು ಹೇಗೆ ಕಳೆದುಕೊಂಡೆ? ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಇಷ್ಟು ವರ್ಷ ವಾರವಾರವೂ ಊರ ಮಂದಿಯ ತಪ್ಪನ್ನೆಲ್ಲ ಈ ಅಂಕಣದಲ್ಲಿ ಬರೆದವಳು ನಾನು.

ಒಂದು ಸೋಮವಾರ. ನಮ್ಮ ಶಾಲೆ ಹಿಟ್ನಾಳದ ಕಡೆ ಇದೆ. ಎಂಟೂವರೆಯ ಬಸ್ಸು ತಪ್ಪಿದರೆ ಹೆಡ್‌ಮಾಸ್ತರರ ಮುಖ ನೋಡಬೇಕು. ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ, ಇನ್ನೊಂದು ಸಿಗುತ್ತಿರಲಿಲ್ಲ. ಆಗ ದೊಡ್ಡವ್ವ ಕೇಳಿದಳು. ಆವತ್ತು ಅವಳು ಪೂಜೆಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಆದರೂ, “ಆಗೈತಿ ಬೇ, ರೊಟ್ಟಿ ಮುಚ್ಚಿಟ್ಟೀನಿ, ಉಣ್ಣು” ಎಂದು ಹೇಳಿ ಓಡಿದೆ.

ಆಗಿರಲಿಲ್ಲ.

ಸಂಜೆ ಬಂದಾಗ ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೂವಿನವಳು ಬೆಳಿಗ್ಗೆ ಪೂಜೆಗೆಂದು ಕೊಟ್ಟುಹೋದ ಪತ್ರಿಯ ಪೊಟ್ಟಣ ಅವಳ ತೊಡೆಯ ಮೇಲಿತ್ತು. ಕಟ್ಟಿದ ದಾರ ಹಾಗೇ ಇತ್ತು.

“ಪೂಜಿ ಮಾಡದ ಉಂಡೆ ಯವ್ವಾ ಇವತ್ತ,” ಎಂದಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ನನ್ನನ್ನು ಕೇಳುವುದನ್ನೇ ಬಿಟ್ಟಳು. (ಪೂಜೆಯನ್ನೇ ಮರೆಯುವವಳು ಇದನ್ನೇಕೆ ಮರೆಯಲಿಲ್ಲ ಎಂದು ನೀವು ಕೇಳಬಹುದು. ಡಾಕ್ಟರನ್ನು ನಾನೂ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.)

ಕೇಳುವುದು ನಿಂತ ಮೇಲೆ ಅನುಮಾನ ಬಂದಾಗಲೆಲ್ಲ ಸ್ನಾನ, ಪೂಜೆ. ದಿನಕ್ಕೆ ಒಂದು ಸಲ ಇದ್ದದ್ದು ಎರಡಾಯಿತು, ಮೂರಾಯಿತು. ಒಂದು ರವಿವಾರ ಐದಾಯಿತು.

ಆ ರವಿವಾರದ ನಾಲ್ಕನೆಯ ಬೆಳಗಿನ ಬಗ್ಗೆ ಮಾತ್ರ ಒಂದಿಷ್ಟು ಹೇಳಬೇಕು. ಊಟ ಮಾಡಿ ಅಡ್ಡಾಗಿದ್ದೆ. ಜೊಂಪು ಹತ್ತಿತ್ತು. ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳಕ್ಕೆ ಕಣ್ಣು ಬಿಟ್ಟರೆ ಪರದೆಯ ಹಿಂದೆ ತೆಳ್ಳನೆಯ ಬೆಳಕು. ಎಲ್ಲೋ ಗುಬ್ಬಿಗಳ ಗದ್ದಲ. ವಿಭೂತಿಯ ವಾಸನೆ. ಆಮೇಲೆ ದೊಡ್ಡವ್ವ ಬಂದು ಅಂಗೈಯನ್ನೇ ನೋಡುತ್ತ ಕೂತಳು, ಒದ್ದೆ ಕೂದಲಿನಿಂದ ಹನಿ ಬೀಳುತ್ತಿತ್ತು. ನಾನು ಎದ್ದು ಹೋಗಿ ಚಹಾಕ್ಕೆ ಹಾಲು ಇಟ್ಟೆ, ಮುಖ ತೊಳೆದೆ, ಇವತ್ತು ಯಾವ ವಾರ ಎಂದು ಯೋಚಿಸಿದೆ. ಗಡಿಯಾರ ನೋಡಿದ ಮೇಲೆಯೇ ಮೂರು ಗಂಟೆ ಎಂದು ಗೊತ್ತಾದದ್ದು.

ಅವಳ ಬೆಳಗಿನೊಳಗೆ ನಾನೂ ಒಂದು ಗಳಿಗೆ ಹೋಗಿ ಬಂದಿದ್ದೆ. ನಿಜ ಹೇಳುತ್ತೇನೆ, ಅಲ್ಲಿ ಬಹಳ ಹಿತವಾಗಿತ್ತು. ಯಾವ ಬಸ್ಸಿಗೂ ತಡವಾಗಿರಲಿಲ್ಲ.

ಐದನೆಯ ಬೆಳಗಿಗೆ ಅವಳು ಬಚ್ಚಲಲ್ಲಿ ಜಾರಿಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಬಲಗೈ ಮಣಿಕಟ್ಟು ಊದಿಕೊಂಡಿತು ಅಷ್ಟೇ. ಆ ಕೈಯಲ್ಲೇ ಪೂಜೆಗೆ ಕೂತಳು.

“ನಾ ಗಂಗಾವತಿ ಆಫೀಸಿಗೆ, ನೀ ಸಾಲಿಗೆ. ನಾಳೆ ಬಿದ್ರ ಎತ್ತಾಕ ಮನ್ಯಾಗ ಯಾರದಾರ?” ಎಂದರು ನಮ್ಮೆಜಮಾನರು. ಸಿಟ್ಟು ಬಂತು. ಅವರ ಮಾತು ಸರಿಯಿತ್ತು, ಅದಕ್ಕೇ ಸಿಟ್ಟು ಬಂತು.

ಅವಳನ್ನು ನೋಡಿಕೊಳ್ಳುವ ಜಾಗಕ್ಕಾಗಿ ಹುಡುಕಾಟ ಶುರುವಾಯಿತು. ಡಾಕ್ಟರನ್ನು ಕೇಳಿದೆ. ಸ್ಟಾಫ್‌ರೂಮಿನಲ್ಲಿ ಕೇಳಿದೆ. ತಳಕಲ್ಲಿನಲ್ಲಿರುವ ನನ್ನ ಸೋದರಮಾವನಿಗೆ, ಅಂದರೆ ದೊಡ್ಡವ್ವನ ತಮ್ಮನಿಗೆ ಫೋನು ಮಾಡಿದೆ. ವೃದ್ಧಾಶ್ರಮ ಎಂದ ಕೂಡಲೇ ಆತ ಹೌಹಾರಿದ. “ಮಂದಿ ಏನಂದಾರು ಯವ್ವಾ? ಸಾಕಿದಾಕಿನ್ನ ತಗೊಂಡೋಗಿ ಒಗದ್ಲು ಅನ್ನೂದಿಲ್ಲೇನು?” ಮಠದವರು ನಡೆಸುವಂಥದ್ದೂ ಇದೆಯಂತೆ ಎಂದೆ. ದನಿ ಥಟ್ಟನೆ ಮೆತ್ತಗಾಯಿತು. “ಹಂಗಂದ್ರ ಅಡ್ಡಿಯಿಲ್ಲ ಬಿಡು. ಆಶ್ರಮ ಅನಬ್ಯಾಡ. ಮಠಕ್ಕ ಹೋಗ್ಯಾಳ ಅನ್ನು.”

ನೋಡಿ, ಒಂದು ಶಬ್ದ ಬದಲಾಯಿಸಿದರೆ ನಮ್ಮ ಪಾಪ ಹೇಗೆ ಪುಣ್ಯವಾಗುತ್ತದೆ! ದೇವರು ಯಾರ್‍ಯಾರಿಗೋ ಆಸರೆ ಎನ್ನುತ್ತಾರೆ. ಮಂದಿಯ ಬಾಯಿಗೆ ಹೆದರುವ ನಮ್ಮಂಥವರಿಗೂ ಅವನೇ ಆಸರೆ.

ಮೊದಲು ಗಂಗಾವತಿ ಕಡೆಯ ಒಂದನ್ನು ನೋಡಿದೆವು. ಖಾಸಗಿಯವರದು. ಸುತ್ತ ಹಸಿರು ಗದ್ದೆ, ಒಳಗೆ ಹೊಳೆಯುವ ಫರ್ಸಿ ನೆಲ, ಪ್ರತಿ ಕೋಣೆಗೂ ಕ್ಯಾಮೆರಾ. “ಮೊಬೈಲ್‌ನ್ಯಾಗ ಇಪ್ಪತ್ನಾಕು ತಾಸೂ ನೋಡಬಹುದ್ರಿ ಮೇಡಂ,” ಎಂದರು ಮ್ಯಾನೇಜರು. ಲಿಂಗಪೂಜೆಯ ವಿಷಯ ಎತ್ತಿದೆ. “ಬೆಳಿಗ್ಗಿ ಒಂದ್ ಸಲ ಅಲೋ ಮಾಡ್ತೀವ್ರಿ. ಮ್ಯಾಲಿಂದ ಮ್ಯಾಲ ಮಾಡಿದ್ರ ಡಾಕ್ಟರಿಗೆ ಹೇಳಿ ಗುಳಿಗಿ ಬರಸೋಣ್ರಿ.” ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬರುವಾಗ ಬಸ್ಸಿನಲ್ಲಿ ಅವರು ಕೊಟ್ಟ ಫಾರ್ಮನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ.

ಆಮೇಲೆ ಮಠದವರದು. ಕುಷ್ಟಗಿಯ ಕಡೆ, ದಾಳಿಂಬೆ ತೋಟಗಳನ್ನು ದಾಟಿ ಒಳಗೆ. (ಹೆಸರು ಬೇಡ. ಹಾಕಿದರೆ ನಾಳೆಯಿಂದ ಅವರ ನಂಬರ್ ಕೇಳಿ ನನಗೇ ಫೋನು ಮಾಡುತ್ತೀರಿ.) ಈ ಸಲ ದೊಡ್ಡವ್ವನನ್ನೂ ಕರೆದೊಯ್ದೆವು. “ಎಲ್ಲಿಗಿ?” ಎಂದಳು. “ಮಠಕ್ಕ ಬೇ,” ಎಂದೆ. ಮಾವನ ಪಾಠ ನನಗೂ ಚೆನ್ನಾಗಿಯೇ ಬಂದಿತ್ತು.

ಹೆಂಚಿನ ಉದ್ದನೆಯ ಕಟ್ಟಡ, ಮುಂದೆ ಬೇವಿನ ಮರಗಳು. ಅಲ್ಲಿ ಎಲ್ಲ ನಿಧಾನ. ಒಬ್ಬ ಅಜ್ಜ ಬಾಗಿಲಿನಿಂದ ಮರದ ತನಕ ನಡೆಯುವಷ್ಟರಲ್ಲಿ ನಾವು ಚಹಾ ಕುಡಿದು ಮುಗಿಸಿದೆವು. ನೋಡಿಕೊಳ್ಳುವಾಕೆ ಗೌರಮ್ಮ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ದೊಡ್ಡವ್ವನಿಗೆ ಕೇಳದಂತೆ ಆಕೆಯನ್ನು ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದೆ. ದಿನಕ್ಕೆ ನಾಲ್ಕು ಸಲ, ಐದು ಸಲ ಪೂಜೆ. ಪ್ರತಿಸಲ ಸ್ನಾನ. ಮೊನ್ನೆ ಬಿದ್ದಳು.

ಗೌರಮ್ಮ ನಕ್ಕರು. “ಅದೇನ್ ಜಡ್ಡಾ ಅಕ್ಕಾರ? ಐದು ಸಲ ಶಿವನ್ನ ನೆನಸಿದ್ರ ಯಾರಿಗೇನ್ ಲುಕ್ಸಾನ?”

“ಸ್ನಾನರಿ...”

“ಬೆಳಿಗ್ಗಿ ಒಂದ ಸಲ ನೀರು. ಆಮ್ಯಾಲೆ ವಿಭೂತಿ ಸ್ನಾನ. ಮೈಗೆ ವಿಭೂತಿ ಧರಿಸಿದ್ರ ಸ್ನಾನ ಮಾಡಿದಂಗ ಅಂತ ಹಿರೇರು ಹೇಳ್ಯಾರಲ್ರಿ? ಹಣಿಗೆ, ತೋಳಿಗೆ ಹಚ್ಚಿ ಕುಂಡ್ರಸ್ತೀವಿ. ಯಾರೂ ಜಾರಂಗಿಲ್ಲ.”

ನಾನು ಪೆಚ್ಚಾದೆ. ಬಚ್ಚಲಿಗೆ ರಬ್ಬರ್ ಮ್ಯಾಟು ತಂದಿದ್ದೆವು, ಗೋಡೆಗೆ ಹಿಡಿಕೆ ಬಡಿಸಿದ್ದೆವು, ಗೂಗಲ್ ಮಾಡಿದ್ದೆವು. ಇಬ್ಬರೂ ಡಿಗ್ರಿ ಓದಿದವರು. ಮನೆಯಲ್ಲೇ, ಗೂಡಿನಲ್ಲಿ, ವಿಭೂತಿ ಗಟ್ಟಿ ಇತ್ತು.

“ಲಿಂಗ ಕಟ್ಟದವರು ಬಂದ್ರ ತಗೋತೀರೇನ್ರಿ?” ಎಂದು ಕೇಳಿದೆ. ನಮ್ಮ ಓಣಿಯಲ್ಲೂ ಮರೆಯುವ ಮುದುಕಿಯರಿದ್ದಾರೆ, ಎಲ್ಲರ ಕೊರಳಲ್ಲೂ ಲಿಂಗವಿಲ್ಲ. ಗೌರಮ್ಮ, “ಅವ್ರಿಗೆ ಬ್ಯಾರೆ ಕಡೆ ಇರ್ತಾವ್ರಿ,” ಎಂದರು. ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಈ ಮುಳ್ಳು ನನ್ನಲ್ಲಿ ಇನ್ನೂ ಇದೆ, ಸುಳ್ಳು ಹೇಳಲಾರೆ.

ಅಷ್ಟರಲ್ಲಿ ದೊಡ್ಡವ್ವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳಷ್ಟೇ ವಯಸ್ಸಾದ ಒಬ್ಬ ಅಜ್ಜಿ, ದಪ್ಪ ಕನ್ನಡಕದವರು.

“ನಿಮ್ಮ ಪೂಜಿ ಆತೇನ್ರಿ?” ಎಂದು ಕೇಳಿದರು ಆ ಅಜ್ಜಿ.

“ನೆಪ್ಪಿಲ್ರಿ,” ಎಂದಳು ದೊಡ್ಡವ್ವ. ಅಷ್ಟು ಸಲೀಸಾಗಿ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನನಗೂ ನೆಪ್ಪಿಲ್ಲ. ಬರ್ರಿ ಹಂಗಾರ, ಕುಂಡ್ರೂಣು.”

ಇಬ್ಬರೂ ಚಾಪೆಯ ಮೇಲೆ ಕೂತರು. ಅಜ್ಜಿ ದೊಡ್ಡವ್ವನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಊದಿದ ಮಣಿಕಟ್ಟಿಗೆ ಮೆಲ್ಲಗೆ ಸವರಿದರು. ಆಮೇಲೆ ಇಬ್ಬರೂ ತಂತಮ್ಮ ಅಂಗೈ ನೋಡುತ್ತ ಕೂತುಬಿಟ್ಟರು. ಮಧ್ಯಾಹ್ನದ ಒಂದೂವರೆ. ಕಿಟಕಿಯಿಂದ ಬೇವಿನ ನೆರಳು ಒಳಗೆ ಬಂದು ಚಾಪೆಯ ಮೇಲೆ ಅಲ್ಲಾಡುತ್ತಿತ್ತು. ಮತ್ತೊಬ್ಬರು ಬಂದು ಪಕ್ಕದಲ್ಲಿ ಕೂತರು, ಮಗದೊಬ್ಬರು ಬಂದರು. ಯಾರೂ ಯಾರಿಗೂ ‘ನಿಂದು ಆಗೈತಿ, ಏಳು’ ಎನ್ನಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಬೆಳಗಾಗುತ್ತಿತ್ತು. ನಾನು ಹೊಸ್ತಿಲ ಮೇಲೆ ಕೂತು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವಳನ್ನು ಇಲ್ಲಿ ಬಿಡಬಹುದು ಎನ್ನಿಸಿತು, ಅದಕ್ಕೇ ಅಳು ಬಂತು.

ಪೂಜೆ ಮುಗಿಸಿ ದೊಡ್ಡವ್ವ ಹೊರಬಂದಳು. ಗೌರಮ್ಮ ಕೇಳಿದರು: “ಒಂದು ವಾರ ಇದ್ದು ನೋಡ್ತೀರೇನ್ರಿ, ನೀಲಮ್ಮಾರ?”

ದೊಡ್ಡವ್ವ ಗೌರಮ್ಮನನ್ನು ನೋಡಿದಳು, ಅಂಗಳ ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಯವ್ವಾ, ನಾ ಇಲ್ಲಿ ಇರ್ತೀನಿ ಅಂತ ಹೇಳಿದ್ನೇನು?”

ಆ ಸೋಮವಾರದ ನಂತರ ಅವಳು ನನ್ನ ಮಾತಿಗಾಗಿ ಕಾದದ್ದು ಅದೇ ಮೊದಲು. ‘ಹೂಂ ಬೇ, ಹೇಳಿದ್ದಿ’ ಎಂದರೆ ಮುಗಿಯಿತು. ಅವಳು ನಂಬುತ್ತಾಳೆ, ಇರುತ್ತಾಳೆ, ಸುಖವಾಗಿಯೇ ಇರುತ್ತಾಳೆ. ಸುಳ್ಳು ಎನ್ನಲು ಯಾರಿದ್ದಾರೆ? ನಮ್ಮೆಜಮಾನರು ನೆಲ ನೋಡುತ್ತಿದ್ದರು. ಮಾತು ನಾಲಗೆಯ ತುದಿಗೆ ಬಂದಿತ್ತು. ಈ ಸಲ ಚಪ್ಪಲಿ ಎರಡೂ ಕಾಲಲ್ಲಿತ್ತು, ಓಡಿ ಹಿಡಿಯಬೇಕಾದ ಬಸ್ಸೂ ಇರಲಿಲ್ಲ.

“ಇಲ್ಲ ಬೇ,” ಎಂದೆ. “ನೀ ಹೇಳಿಲ್ಲ. ನಾವ ಕರಕೊಂಡು ಬಂದೀವಿ. ನಿನ್ನ ಕೇಳೇ ಇಲ್ಲ.”

“ಹಂಗಾರ ಈಗ ಕೇಳು.”

ಡಾಕ್ಟರನ್ನು ಕೇಳಿದ್ದೆ, ಮಾವನನ್ನು ಕೇಳಿದ್ದೆ, ಸ್ಟಾಫ್‌ರೂಮಿನ ಹದಿಮೂರು ಮಂದಿಯನ್ನೂ ಕೇಳಿದ್ದೆ. ಕೊನೆಗೆ ಅವಳನ್ನೂ ಕೇಳಿದೆ. “ಇಲ್ಲಿ ಇರ್ತಿಯೇನ ಬೇ?”

ದೊಡ್ಡವ್ವ ಯೋಚಿಸಿದಳು. ಪೂಜೆಯ ಕೋಣೆಯ ಕಡೆ ನೋಡಿದಳು. ಕನ್ನಡಕದ ಅಜ್ಜಿ ಮತ್ತೆ ಚಾಪೆ ಕೊಡವುತ್ತಿದ್ದರು.

“ಇವತ್ತಿಗೆ ಹೂಂ,” ಎಂದಳು. “ನಾಳಿಗೆ ನಾಳೆ ಕೇಳು. ನನಗ ನೆಪ್ಪಿರೂದಿಲ್ಲ, ನೀ ದಿನಾ ಕೇಳಬೇಕು.”

ವಾರ ಮುಗಿದು ಮೂರನೆಯ ವಾರ ನಡೆದಿದೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಗೌರಮ್ಮನ ನಂಬರಿಗೆ ಫೋನು ಮಾಡುತ್ತೇನೆ. ನಿಂತು, ಎರಡೂ ಕಿವಿ ಕೊಟ್ಟು, ಅದೇ ಪ್ರಶ್ನೆ ಕೇಳುತ್ತೇನೆ. ದೊಡ್ಡವ್ವ ಮೊದಲ ಸಲ ಕೇಳಿದವಳಂತೆ ಪ್ರಶ್ನೆಯನ್ನು ತಾನೂ ಒಮ್ಮೆ ಹೇಳಿಕೊಳ್ಳುತ್ತಾಳೆ. ಅವಳ ಹಿಂದೆ ಬೇವಿನ ಮರದ ಕಾಗೆಗಳು ಕೇಳಿಸುತ್ತವೆ. ಆಮೇಲೆ “ಇವತ್ತಿಗೆ ಹೂಂ” ಎನ್ನುತ್ತಾಳೆ. ನಾನು ಬಸ್ಸಿಗೆ ಓಡುತ್ತೇನೆ.

ಅವಳು “ಒಲ್ಲೆ” ಎಂದ ದಿನ ಹಿಟ್ನಾಳದ ಬಸ್ಸು ಬಿಟ್ಟು, ಅವಳನ್ನು ಮನೆಗೆ ಕರೆತರಲು ಕುಷ್ಟಗಿಯ ಬಸ್ಸು ಹತ್ತುವ ಧೈರ್ಯ ನನಗಿದೆಯೇ?