ಬೀಗ ಹಾಕಿದ ಎರಡನೇ ಮನೆ

ಎಂಬತ್ತರ ದಶಕದಲ್ಲಿ ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ. ಬೆಂಕಿ ಬಿದ್ದಾಗ ಅಗ್ನಿಶಾಮಕ ದಳಕ್ಕೆ ನೆರವಾಗಲೆಂದು ಬಡಾವಣೆಯ ಕೆಲವರಿಗೆ ಭಾನುವಾರ ಬೆಳಿಗ್ಗೆ ತರಬೇತಿ ಕೊಡುತ್ತಿದ್ದರು. ನಾನೂ ಸೇರಿದೆ. ಅರ್ಧ ಸೇವೆಯ ಹುಚ್ಚು, ಇನ್ನರ್ಧ ತೋಳಿನ ಕೆಂಪು ಪಟ್ಟಿ ಮತ್ತು ಕೊರಳಿನ ಸೀಟಿಯ ಆಸೆ.

"ಮನೇಲಿ ಸ್ಟೌ ಹಚ್ಚೋಕೆ ಬರಲ್ಲ, ಊರ ಬೆಂಕಿ ಆರಿಸೋಕೆ ಹೊರಟ್ರು!" ಎಂದು ಹೆಂಡತಿ ನಗುತ್ತಿದ್ದಳು.

ನೀರಿನ ಪೈಪು ಹಿಡಿಯುವ ಭಾಗ್ಯವೇನೂ ನಮಗಿರಲಿಲ್ಲ. ಗಾಡಿ ಬರುವಷ್ಟರಲ್ಲಿ ರಸ್ತೆ ತೆರವು ಮಾಡಬೇಕು, ಕರೆಂಟಿನ ಮೇನ್ ತೆಗೆಯಬೇಕು, ಒಳಗೆ ಯಾರಿದ್ದಾರೆಂದು ತಿಳಿದು ಬಂದವರಿಗೆ ಹೇಳಬೇಕು. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಜನ ನಾವು. ನೀವಾದ್ರೂ ಮೊದ್ಲೇ ಕಲ್ತಿರಿ" ಎನ್ನುತ್ತಿದ್ದರು, ನಮಗೆ ಕಲಿಸುತ್ತಿದ್ದ ಅಧಿಕಾರಿ. ಇಷ್ಟೇನಾ ಎಂದು ನನಗೆ ಒಳಗೊಳಗೇ ಬೇಸರ.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ರಸ್ತೆಯ ವಠಾರದಲ್ಲಿ ಸೀಮೆಎಣ್ಣೆ ಸ್ಟೌ ಸಿಡಿಯಿತು. ಆ ವಾರ ನನಗೆ ಸೆಕೆಂಡ್ ಶಿಫ್ಟ್, ಮನೆಯಲ್ಲೇ ಇದ್ದೆ. ಪಟ್ಟಿ ಕಟ್ಟಿಕೊಂಡು ಓಡಿದೆ. ನಾಲ್ಕು ಮನೆಗಳ ಸಾಲು, ಮೇಲೆ ಒಂದೇ ಶೀಟಿನ ಸೂರು. ಮೊದಲ ಮನೆ ಉರಿಯುತ್ತಿತ್ತು. ಅಲ್ಲಿಯ ಹೆಂಗಸು ಮಗುವನ್ನೆತ್ತಿಕೊಂಡು ಆಗಲೇ ಬೀದಿಗೆ ಬಂದಿದ್ದಳು. ಮೂರನೆಯ, ನಾಲ್ಕನೆಯ ಮನೆಯವರನ್ನು ನಾನೇ ಕೂಗಿ ಹೊರಡಿಸಿದೆ. ಮೇನ್ ತೆಗೆದೆ, ದಾರಿಗಡ್ಡ ನಿಂತಿದ್ದ ಸ್ಕೂಟರುಗಳನ್ನು ಎಳೆಸಿದೆ. ಗಾಡಿ ಬಂತು. ಇಳಿದವರು ಅದೇ ಅಧಿಕಾರಿ.

"ಒಳಗೆ ಯಾರಿದಾರೆ?"

"ಯಾರೂ ಇಲ್ಲ ಸಾರ್. ಎರಡನೇ ಮನೆಗೆ ಬೀಗ ಹಾಕಿದೆ."

ಅವರು ಮರುಮಾತಾಡದೆ ನೀರನ್ನೆಲ್ಲ ಮೊದಲ ಮನೆಗೆ ತಿರುಗಿಸಿದರು. ನಾನು ಎದೆಯುಬ್ಬಿಸಿಕೊಂಡು ಜನರನ್ನು ಹಿಂದೆ ತಳ್ಳುತ್ತ ನಿಂತೆ. ಆಗ ಎರಡನೇ ಮನೆಯ ಮೆಟ್ಟಿಲು ಕಣ್ಣಿಗೆ ಬಿತ್ತು. ಅಲ್ಲಿ ಒಂದು ಜೊತೆ ಕಾರ್ಖಾನೆ ಬೂಟು, ಒಳಗೆ ಸುರುಟಿ ತುರುಕಿದ ಕಾಲುಚೀಲ. ನೈಟ್ ಶಿಫ್ಟ್ ಮುಗಿಸಿ ಬಂದು ನಾನೂ ಹಾಗೇ ಬಿಟ್ಟು ಮಲಗುತ್ತಿದ್ದೆ. ನನ್ನ ಹೆಂಡತಿ ಹೊರಗಿನಿಂದ ಬೀಗ ಹಾಕಿಕೊಂಡು ತರಕಾರಿಗೆ ಹೋಗುತ್ತಿದ್ದಳು. ಬೀಗ ಕಂಡರೆ ಯಾರೂ ಬಾಗಿಲು ಬಡಿಯುವುದಿಲ್ಲ, ಗಂಡನ ನಿದ್ದೆ ಕೆಡುವುದಿಲ್ಲ. ನಮ್ಮಂಥ ಶಿಫ್ಟಿನವರ ಮನೆಗಳಲ್ಲೆಲ್ಲ ಅದೇ ರೂಢಿ. ಓಡಿ ಹೋಗಿ ಅಧಿಕಾರಿಯ ತೋಳು ಹಿಡಿದೆ.

"ಸಾರ್! ತಪ್ಪು ಹೇಳ್ಬಿಟ್ಟೆ! ಒಳಗೆ ಮನುಷ್ಯ ಇದಾನೆ, ಮಲಗಿದಾನೆ!"

ಕೊಡಲಿಯ ಎರಡೇಟಿಗೆ ಬೀಗ ಕಿತ್ತು ಬಂತು. ಸೂರಿನ ಸಂದಿಯಿಂದ ಇಳಿದ ಹೊಗೆ ಕೋಣೆ ತುಂಬಿತ್ತು. ಇಬ್ಬರು ನುಗ್ಗಿ, ಲುಂಗಿಯಲ್ಲಿದ್ದ ಒಬ್ಬನನ್ನು ಎತ್ತಿ ತಂದು ಬೀದಿಯಲ್ಲಿ ಮಲಗಿಸಿದರು. ನನ್ನ ವಯಸ್ಸಿನವನೇ. ಅವನು ಕೆಮ್ಮುವವರೆಗೆ ನಾನು ಉಸಿರಾಡಿದ ನೆನಪಿಲ್ಲ. ಕೆಮ್ಮಿದ ಮೇಲೆ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಅಷ್ಟರಲ್ಲಿ ಅವನ ಹೆಂಡತಿ ತರಕಾರಿ ಚೀಲ ಹಿಡಿದು ಓಡಿ ಬಂದಳು. ಬೀಗದ ಕೈ ಸೆರಗಿನ ತುದಿಯಲ್ಲಿತ್ತು. "ನಿದ್ದೆ ಕೆಡಬಾರ್ದು ಅಂತ ಹಾಕ್ದೆ ಅಣ್ಣಾ, ಅಷ್ಟೇ ಅಣ್ಣಾ" ಎಂದು ನನ್ನ ಮುಂದೆಯೇ ಗೋಳಾಡಿದಳು. ತಪ್ಪು ಅವಳದಲ್ಲ ಎಂದು ಹೇಳಬೇಕೆನಿಸಿತು.

ಅಧಿಕಾರಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪೈಪು ಸುತ್ತಿಸುತ್ತ, "ನೀವು ಇಲ್ಲ ಅಂದ್ರೆ ನಾವು ಇಲ್ಲ ಅಂತ್ಲೇ ನಂಬ್ತೀವಿ. ಬೀಗ ನೋಡಿ ಹೇಳ್ಬೇಡಿ, ಬಾಗಿಲು ಬಡಿದು ನೋಡಿ ಹೇಳಿ" ಎಂದರು. ಇಷ್ಟೇನಾ ಎಂದುಕೊಂಡಿದ್ದ ಕೆಲಸದ ತೂಕ ಅಂದು ತಿಳಿಯಿತು.

ಮುಂದಿನ ವಾರ ನನಗೆ ನೈಟ್ ಶಿಫ್ಟ್. ಬೆಳಿಗ್ಗೆ ಬಂದು ಮಲಗಿದ್ದೆ. ಹೆಂಡತಿ ಬಾಗಿಲೆಳೆದುಕೊಂಡ ಸದ್ದಿಗೆ ಎದ್ದು ಕೂತೆ.

"ಬೀಗ ಹಾಕ್ಬೇಡ ಕಣೇ."

"ಯಾರಾದ್ರೂ ಬಂದು ಎಬ್ಬಿಸ್ತಾರೆ ರೀ."

"ಎಬ್ಬಿಸ್ಲಿ ಬಿಡು."